ಸುರಗಿ ನೂಲು ಮತ್ತು ಮೂರು ದಿನದ ರಾಜರು

ಯಾದಗಿರಿಯ ಚಿತ್ರೋತ್ಸವ ಮುಗಿದ ಮರುದಿನ ನಾನು ಬಿಸಿಲು ಅಂಗಳಕ್ಕೆ ಇಳಿಯುವವರೆಗೆ ಮಲಗಿದ್ದೆ. ನನ್ನಂಥವಳಿಗೆ ಇದು ಸಣ್ಣ ಮಾತಲ್ಲ. ನರ್ಸಿಂಗ್ ಶಾಲೆಯ ಹಾಸ್ಟೆಲಿನಲ್ಲಿ ಕತ್ತಲಿರುವಾಗಲೇ ಗಂಟೆ ಹೊಡೆಯುತ್ತಿದ್ದರು. ಗಂಟೆಯ ಸದ್ದು ನಿಲ್ಲುವುದರೊಳಗೆ ಹಾಸಿಗೆಯ ಮೂಲೆಗಳನ್ನು ಮಡಚಿ, ಜಡೆ ಹಾಕಿಕೊಂಡು ಸಾಲಿನಲ್ಲಿ ನಿಂತಿರಬೇಕು. ಆಮೇಲೆ ಊರೂರಿನ ಸರಕಾರಿ ಆಸ್ಪತ್ರೆಗಳಲ್ಲಿ ದುಡಿದು, ನಿವೃತ್ತಳಾಗಿ ಇಷ್ಟು ವರ್ಷವಾದರೂ ಆ ಗಂಟೆ ನನ್ನ ತಲೆಯೊಳಗೆ ಹೊಡೆಯುವುದನ್ನು ನಿಲ್ಲಿಸಿಲ್ಲ. ಆ ದಿನವೂ ಹೊಡೆಯಿತು. ಹಾಲಿನವನು ಬಂದು ಕೂಗಿದ್ದೂ ಕೇಳಿಸಿತು. ಆದರೂ ಏಳಲಿಲ್ಲ. ಪಕ್ಕದ ಹಾಸಿಗೆಯಲ್ಲಿ ನನ್ನ ತಂಗಿ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದಳು. ಆ ಸದ್ದು ಕೇಳುತ್ತ ಸುಮ್ಮನೆ ಬಿದ್ದುಕೊಂಡಿದ್ದೆ. ಎಲ್ಲ ನೆಟ್ಟಗಾಗಿದೆ, ಇನ್ನು ಏಳುವ ಅವಸರವೇನಿಲ್ಲ ಅನ್ನಿಸಿತ್ತು.

ನಮ್ಮೂರಿನ ಹಳೆಯ ಟಾಕೀಸಿನಲ್ಲಿ ಮೂರು ದಿನ ಹೊಸ ಐತಿಹಾಸಿಕ ಚಿತ್ರಗಳನ್ನು ತೋರಿಸುತ್ತಾರೆಂದು ತಿಳಿದಾಗ ನನಗೆ ಖುಷಿಯಾಗಿತ್ತು. ಸಿನಿಮಾ ನನ್ನ ಏಕೈಕ ಚಟ. ಅದನ್ನೂ ನಾನು ಶಿಸ್ತಿನಿಂದಲೇ ಮಾಡುತ್ತೇನೆ. ಆಟ ಶುರುವಾಗುವ ಮೊದಲೇ ಹೋಗಿ ದಾರಿಯ ಪಕ್ಕದ ಕುರ್ಚಿ ಹಿಡಿಯುತ್ತೇನೆ. ನೀರಿನ ಬಾಟಲಿ, ಶಾಲು, ಒಂದಿಷ್ಟು ಹುರಿಗಡಲೆ ಜೊತೆಗಿರುತ್ತದೆ. ನಡುವೆ ಮಾತಾಡುವುದಿಲ್ಲ, ಮಾತಾಡುವವರನ್ನು ಸುಮ್ಮನೆ ಬಿಡುವುದೂ ಇಲ್ಲ. ಹಾಗಾಗಿ ಸುರಪುರದಿಂದ ತಂಗಿ ಫೋನ್ ಮಾಡಿ, "ಅಕ್ಕಾ, ನಾನೂ ಬರ್ತೀನಿ, ಮೂರೂ ದಿನ ನಿನ್ನ ಮನ್ಯಾಗ ಇರ್ತೀನಿ" ಅಂದಾಗ ಅಚ್ಚರಿಯಾಯಿತು. ಅವಳಿಗೆ ಸಿನಿಮಾ ಅಂದರೆ ಅಷ್ಟಕ್ಕಷ್ಟೆ. ಕುಳಿತ ಸ್ವಲ್ಪ ಹೊತ್ತಿಗೇ ತೂಕಡಿಸುತ್ತಾಳೆ.

ಮೊದಲ ದಿನ ಬೆಳಿಗ್ಗೆ ಬಸ್ಸಿಳಿದು ಬಂದವಳು ಚೀಲವನ್ನು ಕೈಯಿಂದ ಕೆಳಗಿಡದೆ ಹೇಳಿದಳು.

"ಅಕ್ಕಾ, ನಮ್ಮೂರಾಗ ಹೋದ ವರ್ಷ ತಗದ ಸಿನಿಮಾ ಐತಲ್ಲ, ಮೂರನೇ ದಿನ ಅದನ್ನ ಹಾಕ್ತಾರಂತ."

"ಗೊತ್ತೈತಿ. ಅದಕ್ಕ ಖುಷಿ ಪಡಬೇಕು. ಮುಖ ಯಾಕ ಹಿಂಗ ಮಾಡೀದಿ?"

"ಅದ್ರಾಗ ನಾ ಅದೀನಿ."

"ನೀನು?"

"ಸುರಗಿ ಸುತ್ತೀನಿ. ಕುಂಕುಮ ಹಚ್ಚಿಕೊಂಡು, ಹಸಿರು ಬಳಿ ಇಟ್ಟುಕೊಂಡು."

ನಾನು ಅವಳನ್ನು ಕೂರಿಸಿ ನೀರು ಕೊಟ್ಟೆ. ಅವಳ ಗಂಡ ತೀರಿಕೊಂಡು ಬಹಳ ವರ್ಷವಾಯಿತು. ಅಂದಿನಿಂದ ಅವಳ ಹಣೆಯ ಮೇಲೆ ವಿಭೂತಿ ಬಿಟ್ಟರೆ ಬೇರೇನೂ ಇಲ್ಲ. ನಮ್ಮ ಕಡೆ ಮದುವೆಯ ಹಿಂದಿನ ದಿನವೋ ಆ ದಿನ ಬೆಳಿಗ್ಗೆಯೋ ಸುರಗಿ ಸುತ್ತುತ್ತಾರೆ. ನಾಲ್ಕು ಮೂಲೆಗೆ ನಾಲ್ಕು ತಂಬಿಗೆ ಇಟ್ಟು, ನಡುವೆ ಮದುಮಕ್ಕಳನ್ನು ಮಣೆಯ ಮೇಲೆ ಕೂರಿಸಿ, ತಂಬಿಗೆಗಳ ಕೊರಳಿಗೆ ನೂಲು ಸುತ್ತಿ, ಎಣ್ಣೆ ಅರಿಷಿಣ ಹಚ್ಚಿ ನೀರು ಹಾಕುವ ಶಾಸ್ತ್ರ. ಆ ನೂಲನ್ನೇ ಆಮೇಲೆ ಕಂಕಣ ಮಾಡಿ ಕಟ್ಟುವುದು. ನೂಲು ಸುತ್ತುವವರು ಐದು ಮಂದಿ ಮುತ್ತೈದೆಯರು. ಗಂಡ ಸತ್ತವಳು ಅಲ್ಲಿ ನಿಲ್ಲುವಂತಿಲ್ಲ. ಅದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ, ಅವರೇ ಬಾಗಿಲ ಹಿಂದಕ್ಕೆ ಸರಿಯುತ್ತಾರೆ.

ಆದದ್ದು ಇಷ್ಟು. ಸಿನಿಮಾದವರು ಸುರಪುರದ ಒಂದು ಹಳೆಯ ವಾಡೆಯ ಅಂಗಳದಲ್ಲಿ ಮದುವೆಯ ದೃಶ್ಯ ತೆಗೆಯುತ್ತಿದ್ದರು. ಸುರಗಿ ಗೊತ್ತಿರುವ ಹೆಂಗಸರು ಬೇಕೆಂದು ಕೇಳಿದಾಗ ಓಣಿಯವರೆಲ್ಲ ಇವಳನ್ನು ಮುಂದೆ ಮಾಡಿ ಕಳಿಸಿದರು. ಗಂಡ ಇದ್ದ ಕಾಲದಲ್ಲಿ ಅವಳು ಅದರಲ್ಲಿ ಹೆಸರಾಗಿದ್ದಳು. ಅವಳು ಹೋದದ್ದು ಹೇಳಿಕೊಡಲು ಮಾತ್ರ. ಆದರೆ ನಿಲ್ಲಬೇಕಾದ ಐವರಲ್ಲಿ ಒಬ್ಬಳ ಎಮ್ಮೆ ಈಯಲು ಹತ್ತಿ ಅವಳು ಮನೆಗೆ ಓಡಿದಳು. ಬೆಳಕು ಇಳಿಯುತ್ತಿತ್ತು. ಸಿನಿಮಾದವರು ಅವಸರ ಮಾಡಿದರು.

"ಒಂದು ಹುಡುಗಿ ಕುಂಕುಮದ ಡಬ್ಬಿ ಹಿಡಕೊಂಡು ಬಂದಳಕ್ಕ. ನಾ ಬಾಯಿ ತಗಿಯೂದ್ರಾಗ ಹಚ್ಚಿಬಿಟ್ಳು."

"ನಿಮ್ಮ ಓಣಿಯಾವ್ರು ಏನೂ ಅನ್ನಲಿಲ್ಲ?"

"ಏನಂತಾರ? ಒಬ್ಬಾಕಿ ನನ್ನ ಕೈ ಹಿಡದು ಎಳದು ನಿಂದ್ರಿಸಿದ್ಳು. ಸಿನಿಮಾದ್ದಲ್ಲೇನ, ಸುಳ್ಳ ಸುಳ್ಳ ಮದುವಿ, ನಿಂದ್ರು ಸುಮ್ಕ ಅಂದ್ಳು."

"ಹಂಗಾರ ಚಿಂತಿ ಯಾತರದ್ದು?"

ಚಿಂತೆ ಶಹಾಪುರದ್ದಾಗಿತ್ತು. ಅವಳ ಮಗಳಿಗೆ ಶಹಾಪುರದ ಹತ್ತಿ ವ್ಯಾಪಾರದ ಮನೆಯೊಂದರ ಹುಡುಗ ಗೊತ್ತಾಗಿದ್ದ. ನಿಶ್ಚಯದ ಸಕ್ಕರೆ ಹಂಚಿ ಆಗಿತ್ತು, ಮದುವೆಯ ದಿನ ಮಾತ್ರ ಗೊತ್ತಾಗಬೇಕಿತ್ತು. ಹುಡುಗಿ ಹುಣಸಗಿಯಲ್ಲಿ ಶಾಲೆಯ ಟೀಚರು. ಆ ಹುಡುಗ ಅವಳ ಮನಸ್ಸಿಗೆ ಬಂದಿದ್ದ. ಅವಳ ಮುಖದಲ್ಲಿ ಅಷ್ಟು ಬೆಳಕನ್ನು ನಾನು ಹಿಂದೆ ಕಂಡಿರಲಿಲ್ಲ. ಹುಡುಗನ ತಾಯಿ, ಅಂದರೆ ನಮ್ಮ ಬೀಗತಿ, ಒಳ್ಳೆಯ ಹೆಂಗಸೇ. ಆದರೆ ಶಾಸ್ತ್ರದಲ್ಲಿ ಬಿಗಿ, ಮಾತಿನಲ್ಲಿ ಇನ್ನೂ ಬಿಗಿ. ಸಕ್ಕರೆ ಹಂಚುವ ದಿನ ಆರತಿಯ ಹೊತ್ತಿಗೆ ಮನೆ ತುಂಬ ಕೇಳುವಂತೆ "ಮುತ್ತೈದ್ಯಾರು ಮುಂದ ಬರ್ರಿ" ಅಂದಿದ್ದರು. ನನ್ನ ತಂಗಿ, ಸ್ವಂತ ಮಗಳ ಆರತಿಗೆ, ಅಡಿಗೆಮನೆಯ ಬಾಗಿಲಿಗೆ ಸರಿದು ನಿಂತಿದ್ದಳು. ನಾನು ನೋಡಿದ್ದೆ.

"ಈಗ ಅವರೂ ಮೂರನೇ ದಿನ ಸಿನಿಮಾಕ್ಕ ಬರ್ತಾರಂತಕ್ಕ. ನಿಮ್ಮೂರ ಗುಡ್ಡ ತೋರಸ್ತಾರಂತ, ಕೂಡಿ ನೋಡೂಣು ಅಂತ ಫೋನ್ ಮಾಡ್ಯಾರ. ಬ್ಯಾಡ ಅನ್ನಾಕ ನನಗ ಬಾಯಿ ಬರ್ಲಿಲ್ಲ. ಅಷ್ಟು ದೊಡ್ಡ ಪರದೆದ ಮ್ಯಾಲ ನನ್ನ ಹಣಿ ನೋಡಿದ್ರ ಏನಂತಾರ? ಇಂಥಾಕಿ ಮಗಳು ಬ್ಯಾಡ ಅಂದ್ರ?"

"ಮೊದಲ ಹೇಳಿಬಿಡು. ಫೋನ್ ಹಚ್ಚಿ ಕೊಡ್ಲೇನು?"

"ಬ್ಯಾಡಕ್ಕ, ನಿನ್ನ ಕೈ ಮುಗೀತೀನಿ. ಒಂದ್ವ್ಯಾಳೆ ಅದನ್ನ ಕತ್ತರಿಸಿ ಒಗದಿದ್ರ? ಹೇಳಿ ಕೆಟ್ಟಂಗ ಆಗ್ತದ."

ಅದೂ ನಿಜವೇ. ತೆಗೆದದ್ದೆಲ್ಲ ಸಿನಿಮಾದಲ್ಲಿ ಉಳಿಯುವುದಿಲ್ಲ. ಹೀಗಾಗಿ ನಾವಿಬ್ಬರೂ ಸುಮ್ಮನಿದ್ದು, ಚಿತ್ರಗಳನ್ನು ನೋಡಲು ಹೊರಟೆವು.

ಮೊದಲನೆಯದು ಹಿಂದಿಯದು. ಕೋಟೆಗಾಗಿ ಹೊಡೆದಾಡುವ ಅಣ್ಣತಮ್ಮಂದಿರ ಕಥೆ. ರಾಜರ ಎದೆಗಳು ಎಣ್ಣೆ ಹಚ್ಚಿದ ಗರಡಿಯ ಎದೆಗಳಂತೆ ಹೊಳೆಯುತ್ತಿದ್ದವು. ಊಟಕ್ಕೆ ಕುಳಿತಾಗಲೂ ಅವರು ಅಂಗಿ ಹಾಕಲಿಲ್ಲ. ಪರದೆಯ ಈ ತುದಿಯಿಂದ ಆ ತುದಿಯವರೆಗೆ ಆನೆಗಳು ಬಂದವು, ಆದರೆ ಅಷ್ಟು ಆನೆ ನಡೆದರೂ ನೆಲದಿಂದ ಧೂಳು ಏಳಲಿಲ್ಲ. ನಮ್ಮ ಕಡೆ ಒಂದು ಎತ್ತಿನ ಬಂಡಿ ಹೋದರೆ ಹಿಂದಿದ್ದವರು ಕಣ್ಣು ಮುಚ್ಚಬೇಕು. ದೊಡ್ಡಣ್ಣನ ಹೊಟ್ಟೆಗೆ ಬಾಣ ನೆಟ್ಟಿತು. ಅವನು ಅದನ್ನು ಹಲ್ಲು ಕಚ್ಚಿ ಕಿತ್ತು ಒಗೆದ. ರಾಣಿ ಸೆರಗು ಹರಿದು ಕಟ್ಟಿದಳು. ನಾನು ಕುರ್ಚಿಯಲ್ಲಿ ನೆಟ್ಟಗಾದೆ. ನೆಟ್ಟದ್ದನ್ನು ಕೀಳಬಾರದು, ಹಾಗೇ ಹಿಡಿದು ಆಸ್ಪತ್ರೆಗೆ ತರಬೇಕೆಂದು ಎಷ್ಟು ಮಂದಿಗೆ ಹೇಳಿದ್ದೇನೆ. ಅವನೋ ಮರುಗಳಿಗೆಯಲ್ಲೇ ಕುದುರೆ ಹತ್ತಿದ.

ತಂಗಿ ಅದೊಂದನ್ನೂ ನೋಡಲಿಲ್ಲ. ಅವಳ ಕಣ್ಣಿದ್ದದ್ದು ಮದುವೆಯ ಮೇಲೆ. ಸನಾದಿಯ ಸದ್ದು ಕೇಳಿದ ಕೂಡಲೇ ನನ್ನ ಮೊಣಕೈ ಚಿವುಟಿದಳು.

"ಮದುವಿ ಬಂತು ನೋಡಕ್ಕ. ಹಿಂದ ನಿಂತವರ ಮಾರಿ ಕಾಣ್ತದೇನು?"

"ಕಾಣವಲ್ದು. ಹೂವಿನ ಸರದಾಗ ಮುಚ್ಚಿ ಹೋಗ್ಯಾವ."

"ಹೌದೇನು?" ಎಂದು ಅವಳು, ತನ್ನ ಮುಖವೂ ಹಾಗೇ ಮುಚ್ಚಿಹೋಗಿದ್ದೀತೆಂದು, ನೆಮ್ಮದಿಯ ಉಸಿರು ಬಿಟ್ಟಳು. ಮದುವೆ ನಡೆಯುತ್ತಿರುವಾಗಲೇ ರಕ್ತ ಸುರಿಸುತ್ತ ಒಬ್ಬ ದೂತ ಬಂದ. ಅರಿಷಿಣದ ಮೈಯಲ್ಲೇ ರಾಜ ಕತ್ತಿ ಹಿಡಿದ. ಇಂಟರ್‌ವಲ್ ಬಿತ್ತು.

ಎರಡನೆಯ ದಿನ ಬೆಳಿಗ್ಗೆ ತೆಲುಗು ಚಿತ್ರ. ಒಬ್ಬ ರಾಣಿ ಕೆರೆ ಕಟ್ಟಿಸಿದ ಕಥೆ. ನಿಧಾನವಾಗಿತ್ತು. ಹಿಂದಿನ ಸಾಲಿನ ಹುಡುಗರು ಎದ್ದು ಹೋದರು. ನನಗೆ ಮಾತ್ರ ಬಹಳ ಹಿಡಿಸಿತು. ಕಲ್ಲು ಹೊರುವವರ ಹಿಮ್ಮಡಿಗಳು ಒಡೆದಿದ್ದವು, ರಾಣಿಯ ಕುಪ್ಪಸದ ಕಂಕುಳು ಬೆವರಿಗೆ ಒದ್ದೆಯಾಗಿತ್ತು. ಕೆರೆಯ ಏರಿ ಒಡೆದ ದಿನ ಅವಳು ಅಳಲಿಲ್ಲ, ಊಟ ಮಾಡಿ ಮಲಗಿದಳು. ಕೆಟ್ಟ ಪಾಳಿ ಮುಗಿಸಿದ ಮೇಲೆ ನಾವೂ ಹಾಗೇ ಮಾಡುತ್ತಿದ್ದೆವು. ಅದನ್ನು ಬರೆದವರಿಗೆ ದುಡಿಮೆ ಅಂದರೆ ಏನೆಂದು ಗೊತ್ತಿತ್ತು.

ಮಧ್ಯಾಹ್ನದ್ದು ಹೈದರಾಬಾದಿನ ಕಡೆಯದು. ನಿಜಾಮರ ಕೊನೆಯ ದಿನಗಳ ಒಂದು ಕಚೇರಿ, ಅದರ ಗುಮಾಸ್ತ, ಅವನ ನಿಕಾಹ್. ಉರ್ದು ಮಾತಿಗೆ ಪರದೆಯ ಕೆಳಗೆ ಕನ್ನಡ ಅಕ್ಷರ ಹಾಕಿದ್ದರು. ಆದರೆ ಅಕ್ಷರ ಮೂಡುವ ಮೊದಲೇ ಟಾಕೀಸು ನಗುತ್ತಿತ್ತು. ತಹಶೀಲು, ಜಮೀನು, ವಕೀಲ, ದಫ್ತರು, ಇವೆಲ್ಲ ನಮ್ಮ ಮನೆಯ ಮಾತುಗಳೇ. ಗುಮಾಸ್ತ ಸಾಹೇಬನ ಮುಂದೆ ಬಾಗಿ, ಹೊರಗೆ ಬಂದು ಬೈದುಕೊಳ್ಳುವಾಗ ನನ್ನ ಹಿಂದಿದ್ದ ಮುದುಕರೊಬ್ಬರು "ನಮ್ಮಪ್ಪ ಖರೇ ಹಿಂಗ ಬೈತಿದ್ದ" ಅಂದರು. ಮಾತಾಡಬೇಡಿ ಎಂದು ತಿರುಗಿದವಳು, ಅವರ ಮುಖ ನೋಡಿ ಸುಮ್ಮನಾದೆ.

ಈ ಚಿತ್ರಗಳಿಂದ ನನಗೊಂದು ವಿಷಯ ತಿಳಿಯಿತು. ರಾಣಿಯ ಮದುವೆಯೂ ಇಂಟರ್‌ವಲ್‌ಗೆ ಸ್ವಲ್ಪ ಮೊದಲು ಬಂದಿತ್ತು. ಗುಮಾಸ್ತನ ನಿಕಾಹ್ ಕೂಡ ಅಲ್ಲೇ. ರಾಜನಿರಲಿ ಗುಮಾಸ್ತನಿರಲಿ, ಅರ್ಧ ಕಥೆಗೆ ಮದುವೆ, ಮದುವೆಯ ನಡುವೆ ಕೆಟ್ಟ ಸುದ್ದಿ, ಆಮೇಲೆ ಇಂಟರ್‌ವಲ್, ಆಮೇಲೆ ಯುದ್ಧ. ಔಷಧ ಕೊಡುವ ಹೊತ್ತಿನಷ್ಟೇ ಖಚಿತ. ಆ ಸಂಜೆ, ಮೂಲೆಯಲ್ಲಿ ಕುಳಿತು ಅಳುತ್ತಿದ್ದ ತಂಗಿಗೆ ಹೇಳಿದೆ.

"ಕೇಳು. ಸನಾದಿ ಊದಾಕ ಶುರು ಮಾಡಿದ ಕೂಡಲೇ ನಾ ತಲಿ ತಿರುಗತದ ಅಂತೀನಿ. ಬೀಗತ್ಯಾರ ಕೈ ಹಿಡಕೊಂಡು ಹೊರಗ ಕರಕೊಂಡು ಹೋಗ್ತೀನಿ. ಒಂದು ಚಾ ಕುಡಿಯೂದ್ರಾಗ ಮದುವಿ ಮುಗದಿರ್ತದ. ಒಳಗ ಬಂದ್ರ ಯುದ್ಧ."

"ನೀ ಸುಳ್ಳ ಹೇಳ್ತೀ?" ತಂಗಿ ಅಳುವುದನ್ನು ಬಿಟ್ಟು ನನ್ನನ್ನೇ ನೋಡಿದಳು. "ನಾ ಶಾಲಿಗೆ ಹೋಗಲ್ದೆ ಹೊಟ್ಟಿನೋವು ಅಂದ್ರ ನಾಲಿಗಿ ತೋರ್ಸು ಅಂತಿದ್ದಾಕಿ ನೀ."

"ಸುಳ್ಳಲ್ಲ. ಈ ವಯಸ್ಸಿನಾಗ ತಲಿ ತಿರುಗೇ ತಿರುಗತದ. ಯಾವಾಗ ಅಂತ ನಾ ಹೇಳ್ತೀನಿ ಅಷ್ಟ."

ಬಹಳ ದಿನಗಳ ಮೇಲೆ ಅವಳು ನಕ್ಕಳು.

ಮೂರನೆಯ ದಿನ ಬೀಗತಿ ಶಹಾಪುರದ ಬಸ್ಸಿನಿಂದ ಇಳಿದದ್ದು ಮದುವೆಗೆ ಬಂದವರ ಹಾಗೆ. ಇಳಕಲ್ ಸೀರೆ, ಕೈಯಲ್ಲಿ ಬುತ್ತಿಯ ಗಂಟು.

"ಏನ್ ಸಿಸ್ಟರಮ್ಮಾ, ಆರಾಮದೀರೇನ್ರಿ? ಬೀಗತ್ಯಾರ, ಯಾಕ ಬಡವಾಗೀರಿ? ಮಗಳ ಮದುವಿ ಮುಂದಿಟ್ಟುಕೊಂಡು ಒಣಗಿದ್ರ ಹ್ಯಾಂಗ? ತಿನ್ರಿ, ಶೇಂಗಾ ಹೋಳಗಿ ತಂದೀನಿ."

ತಂಗಿ ಹೋಳಿಗೆ ಹಿಡಿದು ನಿಂತಳೇ ಹೊರತು ತಿನ್ನಲಿಲ್ಲ. ಟಾಕೀಸಿನಲ್ಲಿ ನಾನು ನನ್ನ ವ್ಯವಸ್ಥೆಯಂತೆ ಎಲ್ಲರನ್ನೂ ಕೂರಿಸಿದೆ. ದಾರಿಯ ಪಕ್ಕಕ್ಕೆ ನಾನು, ನನ್ನ ಪಕ್ಕ ಬೀಗತಿ, ಅವರ ಆಚೆ ತಂಗಿ. ಎಬ್ಬಿಸಿಕೊಂಡು ಹೋಗಲು ಇದೇ ಅನುಕೂಲ. ಇಂಟರ್‌ವಲ್ ಇನ್ನೂ ದೂರ. ಮೊದಲರ್ಧ ನಿಶ್ಚಿಂತೆಯಿಂದ ನೋಡಬಹುದೆಂದು ಶಾಲು ಹೊದೆಯುತ್ತಿದ್ದೆ. ದೀಪ ಆರಿತು.

ಪರದೆ ಕಪ್ಪಾಗಿಯೇ ಇತ್ತು. ಹೆಸರುಗಳು ಬರಲಿಲ್ಲ. ಕತ್ತಲೊಳಗೆ ಬಳೆಗಳ ಸದ್ದು ಬಂತು. ಆಮೇಲೆ ಒಂದು ತಾಮ್ರದ ತಂಬಿಗೆಯ ಕೊರಳು, ಅದರ ಸುತ್ತ ಬರುತ್ತಿರುವ ಬಿಳಿ ನೂಲು, ನೂಲು ಹಿಡಿದ ಬೆರಳು. ಕ್ಯಾಮೆರಾ ಮೆಲ್ಲಗೆ ಮೇಲೆ ಹೋಯಿತು. ಹಸಿರು ಬಳೆ, ತೋಳು, ಕೊರಳು, ಕೊನೆಗೆ ಗೋಡೆಯಷ್ಟು ದೊಡ್ಡದಾಗಿ ನನ್ನ ತಂಗಿಯ ಮುಖ. ಹಣೆಯ ಮೇಲೆ ಕುಂಕುಮ.

ಸಿನಿಮಾ ಮದುವೆಯಿಂದಲೇ ಶುರುವಾಗಿತ್ತು.

ನಾನು ಮಾಡಬೇಕೆಂದುಕೊಂಡದ್ದನ್ನು ಮಾಡಿದೆ. "ತಲಿ ತಿರುಗಾಕತ್ತೈತ್ರಿ" ಅಂದೆ. ಬೀಗತಿ ಪರದೆಯಿಂದ ಕಣ್ಣು ಕೀಳದೆ ನನ್ನ ನೀರಿನ ಬಾಟಲಿಯನ್ನೇ ಎತ್ತಿ ನನ್ನ ಮಡಿಲಿಗಿಟ್ಟರು.

"ನೀರು ಕುಡೀರಿ. ಸುಮ್ಕ ಕುಂದ್ರಿ."

ಕುಡಿದು ಕುಳಿತೆ. ಮಾಡಲು ಬೇರೇನೂ ಇರಲಿಲ್ಲ. ಪರದೆಯ ಮೇಲೆ ನಾಲ್ಕು ಹೆಂಗಸರ ಜೊತೆ ನನ್ನ ತಂಗಿ ತಂಬಿಗೆಗಳ ಸುತ್ತ ತಿರುಗುತ್ತಿದ್ದಳು. ನಡುವೆ ಮಣೆಯ ಮೇಲೆ ಸಂಸ್ಥಾನದ ಎಳೆಯ ದೊರೆ ಮತ್ತು ಅವನ ಮದುಮಗಳು. ಯಾವ ವಾದ್ಯವೂ ಇಲ್ಲ. ಹೆಂಗಸರ ಹಾಡು, ಬಳೆಯ ಸದ್ದು, ವಾಡೆಯ ಆಚೆ ಎಲ್ಲೋ ಕೂಗುವ ನವಿಲು. ಹೇಳಬೇಕೆಂದರೆ ಆ ಮೂರು ದಿನಗಳಲ್ಲಿ ಅಷ್ಟು ನಿಜವಾದ ದೃಶ್ಯ ಇನ್ನೊಂದಿರಲಿಲ್ಲ. ಹಾಗಂತ ಆಗ ನನಗೆ ಖುಷಿಯಾಗಲಿಲ್ಲ. ಆಚೆ ಕಡೆ ತಂಗಿ ಸೆರಗಿನಲ್ಲಿ ಅರ್ಧ ಮುಖ ಮುಚ್ಚಿಕೊಂಡು ತಲೆ ತಗ್ಗಿಸಿದ್ದಳು. ಅವಳು ತನ್ನನ್ನು ತಾನು ನೋಡಲೇ ಇಲ್ಲ.

ಬೀಗತಿ ಏನೂ ಅನ್ನಲಿಲ್ಲ. ಅವರ ಮೌನವನ್ನು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ.

ಮುಂದಿನ ಕಥೆಯನ್ನು ನಾನು ತುಂಡು ತುಂಡಾಗಿ ನೋಡಿದೆ. ಗುಡ್ಡದ ಮೇಲಿನ ಸಣ್ಣ ಸಂಸ್ಥಾನ. ಕೆಳಗೆ ಕುಂಪಣಿಯ ದಂಡು ಬಂದು ಡೇರೆ ಹಾಕುತ್ತದೆ. ಕಪ್ಪ ಕೊಟ್ಟು ಬದುಕಬೇಕೋ ಬೇಡವೋ ಎಂದು ಹಿರಿಯರು ಜಗಳವಾಡುತ್ತಾರೆ. ಇಲ್ಲಿ ಆನೆಗಳಿಲ್ಲ, ಹೊಳೆಯುವ ಎದೆಗಳೂ ಇಲ್ಲ. ದೊರೆಗೆ ಇರುವುದು ಒಂದೇ ಒಳ್ಳೆಯ ಅಂಗಿ. ಬಂಡೆಗಲ್ಲುಗಳ ಸಂದಿಯಲ್ಲಿ ಅಡಗಿದ ಬೇಡರ ಪಡೆಯವರು ಬಾಯಾರಿ ಒಬ್ಬರ ತುಟಿ ಒಬ್ಬರು ನೋಡುತ್ತಿದ್ದರು. ಬಿಸಿಲು ನಮ್ಮ ಬಿಸಿಲಿನ ಹಾಗೇ ಇತ್ತು, ಬಣ್ಣವಿಲ್ಲದ್ದು, ಕಣ್ಣು ಚುಚ್ಚುವಂಥದ್ದು. ಟಾಕೀಸಿನೊಳಗೆ ಅಲ್ಲಲ್ಲಿ "ಅದ ನೋಡು, ನಮ್ಮ ಗುಡ್ಡ" ಎನ್ನುವ ದನಿಗಳು. ಗಾಯಗಳನ್ನು ಕೂಡ ಸರಿಯಾಗಿ ಕಟ್ಟಿದ್ದರು. ಹೀಗೆ ಮೆಚ್ಚುತ್ತ ಕುಳಿತಿದ್ದಾಗ ಒಮ್ಮೆಲೇ ನೆನಪಾಗುತ್ತಿತ್ತು, ಪಕ್ಕದವರು ಯಾಕೆ ಸುಮ್ಮನಿದ್ದಾರೆ ಎಂದು.

ಇಂಟರ್‌ವಲ್‌ನಲ್ಲಿ ಬೀಗತಿ ಬುತ್ತಿ ಬಿಚ್ಚಿ ನಮಗೆ ಹಂಚಿದರು. ಶಹಾಪುರದ ಬಸ್ಸುಗಳ ವಿಷಯ ಮಾತಾಡಿದರು. ಸುರಗಿಯ ಸುದ್ದಿ ಎತ್ತಲಿಲ್ಲ. ಅವರು ನೀರು ತರಲು ಹೋದಾಗ ತಂಗಿ ನನ್ನತ್ತ ವಾಲಿ ಪಿಸುಗುಟ್ಟಿದಳು.

"ಮುಗೀತಕ್ಕ. ಊರಿಗೆ ಹೋಗಿ ಹೇಳಿ ಕಳಸ್ತಾರ."

"ನೋಡಿಲ್ಲೇನೋ."

"ಅಷ್ಟು ದೊಡ್ಡ ಮಾರಿ! ಕುರುಡರಿಗೂ ಕಾಣ್ತಿತ್ತು."

ಎರಡನೆಯ ಅರ್ಧದಲ್ಲಿ ದೊರೆ ಸತ್ತ. ಗುಂಡು ಎದೆಗೆ ಬಿದ್ದು, ಕಂಕಣ ಕಟ್ಟಿದ ಕೈ ಬಂಡೆಯ ಮೇಲೆ ಜಾರಿತು. ಬೀಗತಿ ಮೂಗು ಸೀಟಿಕೊಂಡು ಅತ್ತರು. ತಂಗಿಯೂ ಅತ್ತಳು, ಆದರೆ ಅವಳ ಅಳು ಬೇರೆಯದೆಂದು ನನಗೆ ಗೊತ್ತಿತ್ತು. ಐವರಲ್ಲಿ ಒಬ್ಬಳು ನಿಲ್ಲಬಾರದವಳು ನಿಂತ ಮದುವೆ. ಮದುಮಗ ಸತ್ತ. ಅವಳ ತಲೆಯಲ್ಲಿ ಓಡುತ್ತಿದ್ದದ್ದು ಅದೇ.

ಹೊರಗೆ ಬಂದಾಗ ಸಂಜೆಯ ಬಿಸಿಲು ಇನ್ನೂ ಕಾವು ಬಿಟ್ಟಿರಲಿಲ್ಲ. ಟಾಕೀಸಿನ ಎದುರಿನ ಬೇವಿನ ಮರದ ಕೆಳಗೆ ಚಹಾದ ಬಂಡಿ. ಬೀಗತಿ ಮೂರು ಚಹಾ ಹೇಳಿದರು. ಕಪ್ಪು ಕೈಗೆ ಬಂದ ಮೇಲೆ ತಂಗಿಯತ್ತ ತಿರುಗಿ, ನೇರವಾಗಿ ಕೇಳಿದರು.

"ಕುಂಕುಮ ಹಚ್ಚಿಕೊಂಡಿದ್ರಿ?"

ನಾನು ಬಾಯಿ ತೆರೆದೆ. ಸಿನಿಮಾದವರು ಹಚ್ಚಿದ್ದು, ಎಮ್ಮೆ ಈದದ್ದು, ಬೆಳಕು ಇಳಿದದ್ದು ಎಲ್ಲ ಸಾಲಾಗಿ ಸಿದ್ಧವಿತ್ತು. ತಂಗಿ ನನಗೆ ಎಡೆ ಕೊಡಲಿಲ್ಲ.

"ಹೌದ್ರಿ. ಅವರು ಹಚ್ಚಿದ್ರು. ಒರಸಿಕೊಳ್ಳಾಕ ಬರ್ತಿತ್ತು, ಒರಸಿಕೊಳ್ಳಲಿಲ್ಲ. ನೂಲು ಹಿಡಿಯೂ ಆಸಿ ಆತ್ರಿ ನನಗ. ಬೇಕಂತ ನಿಂತೀನಿ. ತಪ್ಪಾಗಿದ್ರ ನಂದು. ಹುಡುಗೀಗೆ ಇದು ಗೊತ್ತ ಇಲ್ರಿ. ಆಕಿ ಮ್ಯಾಲ ಹಾಕಬ್ಯಾಡ್ರಿ."

ಬೀಗತಿ ಚಹಾ ಒಂದು ಗುಟುಕು ಕುಡಿದರು.

"ಭಾಳ ದೊಡ್ಡದಾತ್ರಿ ಕುಂಕುಮ. ನಮ್ಮ ಕಡಿ ಅಷ್ಟು ದೊಡ್ಡದು ಹಚ್ಚಂಗಿಲ್ಲ. ಸಿನಿಮಾದವರಿಗೆ ಏನು ತಿಳೀತದ."

ತಂಗಿ ನನ್ನ ಮುಖ ನೋಡಿದಳು.

"ನಾ ಹಣಿ ನೋಡ್ಲಿಲ್ಲ ಮೊದಲ," ಬೀಗತಿ ಮುಂದುವರಿಸಿದರು. "ನೂಲು ನೋಡಾಕತ್ತಿದ್ದೆ. ಎಲ್ಲೂ ಹರೀಲಿಲ್ಲ, ಜೋಲೂ ಬೀಳಲಿಲ್ಲ. ನಮ್ಮ ಹಿರೀ ಮಗನ ಮದುವ್ಯಾಗ ಏನಾತು ಅಂತ ನಿಮಗ ಹೇಳೀನೇನು? ಐದು ಮಂದಿ ಮುತ್ತೈದ್ಯಾರು ನಿಂತ್ರು. ಒಬ್ಬಾಕಿ ಒಂದು ಕೈಯಾಗ ನೂಲು, ಒಂದು ಕೈಯಾಗ ಮೊಬೈಲು. ಹರದು ಹರದು ಗಂಟು ಹಾಕಿ ಹಾಕಿ, ಕಂಕಣ ಕಟ್ಟೂದ್ರಾಗ ಅದು ನೂಲಲ್ಲ, ಮೀನಿನ ಬಲಿ ಆಗಿತ್ತು. ನಮ್ಮ ಅತ್ತಿ ಇನ್ನೂ ಆಡಿ ತೋರಸ್ತಾರ."

"ಹರಿಯೂದು ಅಂದ್ರ ಚಲೋ ಅಲ್ರಿ," ತಂಗಿ ಮೆಲ್ಲಗೆ ಅಂದಳು.

"ಅದಕ್ಕ ಹೇಳಾಕತ್ತೀನಿ. ನೀವು ಬಂದು ನಮ್ಮ ಹೆಣ್ಮಕ್ಕಳಿಗೆ ಹೇಳಿಕೊಡ್ರಿ. ಐದು ಮಂದ್ಯಾಗ ನಿಲ್ಲೂದು ಬ್ಯಾಡ, ನಮ್ಮ ಅತ್ತಿ ಹಳೇ ಕಾಲದಾಕಿ. ಬಾಜೂಕ ಮಣಿ ಹಾಕ್ತೀನಿ, ಕುಂತು ಹೇಳಿಕೊಡ್ರಿ."

ನನಗೆ ಆಗಲೇ ಸಮಾಧಾನವಾಗಿತ್ತು. ಮದುವೆ ಮುರಿಯಲಿಲ್ಲ, ಇಷ್ಟು ಸಾಕು, ಹೂಂ ಅನ್ನು ಎಂದು ಕಣ್ಣಿನಲ್ಲೇ ತಂಗಿಗೆ ಹೇಳಿದೆ. ಅವಳು ನನ್ನತ್ತ ನೋಡುತ್ತಿರಲಿಲ್ಲ. ಚಹಾದ ಕಪ್ಪನ್ನು ಬಂಡಿಯ ಮೇಲಿಟ್ಟು, ಎರಡೂ ಕೈ ಎತ್ತಿ ಇಲ್ಲದ ನೂಲನ್ನು ಹಿಡಿದು ತೋರಿಸಿದಳು.

"ಹೇಳಿಕೊಟ್ಟರ ಬರಂಗಿಲ್ರಿ ಇದು. ಹಿಂದ ನಿಂತಾಕಿ ಬಿಟ್ಟಷ್ಟು ಮುಂದ ನಿಂತಾಕಿ ಎಳೀಬೇಕು. ಬೆರಳಿಗೆ ಗೊತ್ತಾಗಬೇಕು. ಕುಂತು ಬಾಯೀಲೆ ಹೇಳಿದ್ರ ಮತ್ತ ಹರೀತದ, ಆಮ್ಯಾಲ ಬೀಗತಿ ಕುಂತು ಹರಿಸಿದ್ಳು ಅಂತಾರ. ನಿಂದ್ರು ಅಂದ್ರ ನಿಂತೇನಿ. ಇಲ್ಲಂದ್ರ ನಾ ಅಡಿಗಿಮನಿ ನೋಡ್ಕೋತೀನ್ರಿ, ಅದಕ್ಕೇನು ಬ್ಯಾಸರಿಲ್ಲ."

ಚಹಾದವನು ಸಕ್ಕರೆ ಕಲಕುವುದನ್ನು ಬಿಟ್ಟು ನಮ್ಮನ್ನೇ ನೋಡುತ್ತಿದ್ದ. ಈ ಹೆಂಗಸಿಗೆ ಹುಚ್ಚು ಹಿಡಿಯಿತೇ, ಕೈಗೆ ಬಂದದ್ದನ್ನು ಹೀಗೆ ಚೌಕಾಸಿ ಮಾಡುತ್ತಾಳಲ್ಲ ಎಂದುಕೊಂಡು ಹಿಂದಿನಿಂದ ಅವಳ ಸೆರಗು ಜಗ್ಗಿದೆ. ಬೀಗತಿ ತಂಗಿಯ ಎತ್ತಿದ ಕೈಗಳನ್ನು ನೋಡುತ್ತಿದ್ದರು.

"ಹಠಾ ಭಾಳ ಐತ್ರಿ ನಿಮ್ಮಲ್ಲಿ."

"ನೂಲಿಂದ ಹಠಾ ಅದು, ನಂದಲ್ರಿ."

"ನಿಮ್ಮ ಮಗಳಿಗೂ ಐತೇನು?"

"ಐತಿ," ಅಂದೆ ನಾನು. ಆ ಮನೆಯವರಿಗೆ ಒಂದಾದರೂ ಸತ್ಯವನ್ನು ಮೊದಲೇ ಹೇಳುವುದು ಒಳ್ಳೆಯದು ಅನ್ನಿಸಿತು.

ಬೀಗತಿ ನಕ್ಕುಬಿಟ್ಟರು. ನಗುವಾಗ ಅವರ ದನಿ ಟಾಕೀಸಿನ ಗೋಡೆಗೆ ಬಡಿದು ಬಂತು. "ನಿಲ್ರಿ ಹಂಗಾರ. ನಮ್ಮ ಅತ್ತಿಗೆ ನಾ ಹೇಳ್ತೀನಿ. ಸಿನಿಮಾದಾಗ ಸುರಗಿ ಸುತ್ತಿದಾಕಿ ನಮ್ಮ ಮನಿಗೆ ಬಂದು ಸುತ್ತಾಕತ್ತಾಳ ಅಂತೀನಿ. ಆಕಿಗೆ ಸಿನಿಮಾ ಅಂದ್ರ ಜೀವ, ಬಾಜೂ ಮನ್ಯಾಗೆಲ್ಲ ತಾನ ಹೇಳಿಕೊಂಡು ಬರ್ತಾಳ."

"ಆದ್ರ ಬೀಗತ್ಯಾರ," ತಂಗಿಯ ದನಿ ಮತ್ತೆ ಸಣ್ಣದಾಯಿತು, "ಅದ್ರಾಗ ಮದುಮಗ ಸತ್ತನಲ್ರಿ."

"ಏ, ಅಂವ ಗುಂಡಿಗೆ ಎದಿ ಕೊಟ್ಟು ಸತ್ತಾನ, ನಿಮ್ಮ ನೂಲು ಏನ್ ಮಾಡೀತು? ನಮ್ಮ ಹುಡುಗ ಹತ್ತಿ ಅಂಗಡ್ಯಾಗ ಕುಂದ್ರಾಂವ. ಅವಗ ಯಾರು ಬಂದು ಗುಂಡು ಹೊಡೀತಾರ? ಹೊಟ್ಟಿ ಬಂದೀತು, ಅಷ್ಟ."

ನಾವು ಮೂವರೂ ನಕ್ಕೆವು. ನಾನು ಎಷ್ಟು ನಕ್ಕೆನೆಂದರೆ ಚಹಾ ಶಾಲಿನ ಮೇಲೆ ಚೆಲ್ಲಿತು. ಕಲೆ ತೊಳೆಯುವ ಯೋಚನೆ ಕೂಡ ಬರಲಿಲ್ಲ. ಆ ಮೇಲೆ ಬೀಗತಿ ಸುರಗಿಗೆ ಯಾವ ನೂಲು, ಎಷ್ಟು ಎಳೆ, ತಂಬಿಗೆ ತಾಮ್ರದ್ದೋ ಹಿತ್ತಾಳೆಯದ್ದೋ ಎಂದು ಕೇಳುತ್ತ, ತಂಗಿ ಉತ್ತರ ಹೇಳುತ್ತ, ಇಬ್ಬರೂ ಬಸ್ ನಿಲ್ದಾಣದ ದಾರಿ ಹಿಡಿದರು. ನಾನು ಬುತ್ತಿಯ ಖಾಲಿ ಗಂಟು ಹಿಡಿದು ಹಿಂದೆ ನಡೆದೆ. ಶಹಾಪುರದ ಬಸ್ಸು ಹೊರಡುವಾಗ ಬೀಗತಿ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದರು.

"ಸಿಸ್ಟರಮ್ಮಾ, ತಲಿ ತಿರುಗೂದಕ್ಕ ಡಾಕ್ಟರಿಗೆ ತೋರ್ಸ್ರಿ! ಅಲಕ್ಷ್ಯ ಮಾಡಬ್ಯಾಡ್ರಿ!"

"ತೋರಸ್ತೀನ್ರಿ," ಅಂದೆ.

ಬಸ್ಸು ತಿರುವಿನಲ್ಲಿ ಮರೆಯಾದ ಮೇಲೆ ನಾವಿಬ್ಬರೂ ಮನೆಯತ್ತ ಹೊರಟೆವು. ತಂಗಿ ನನಗಿಂತ ಮುಂದೆ, ಬಿರಬಿರನೆ ನಡೆಯುತ್ತಿದ್ದಳು. ಓಣಿಯ ತಿರುವಿನಲ್ಲಿ ನಿಂತು, ನಾನು ಹತ್ತಿರ ಬರುವವರೆಗೆ ಕಾದು, ಸುತ್ತ ಯಾರಿಲ್ಲವೆಂದು ನೋಡಿ ಕೇಳಿದಳು.

"ಅಕ್ಕಾ, ನಾ ಅಂತೂ ನೋಡ್ಲೇ ಇಲ್ಲ. ಚಂದ ಕಂಡೆನೇನು?"

"ಕಂಡಿ."

"ಖರೇ ಹೇಳು. ಆ ಬಲಕ್ಕ ನಿಂತಾಕಿ, ಕೈ ಹಿಡದು ಎಳದಾಕಿ, ಆಕಿಗಿಂತ?"

"ಆಕಿಗಿಂತ," ಅಂದೆ. ಅದು ನಿಜವಾಗಿತ್ತು.